ಮಂಡೆಕೋಲಿನ ಕೋರೆಯ ದವಡೆ

ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಶೀಲಾವತಿ ಬಂದು ಮೆಟ್ಟಿಲಲ್ಲಿ ಕೂತಿದ್ದರು. ಮಂಡೆಕೋಲಿನ ಪಾಳುಬಿದ್ದ ಕಲ್ಲಿನ ಕೋರೆಯ ನೀರನ್ನು ಪಂಚಾಯತಿಯವರು ಖಾಲಿ ಮಾಡಿಸುವಾಗ ಮನುಷ್ಯನ ದವಡೆಯೊಂದು ಸಿಕ್ಕಿತ್ತು. ಮರುದಿನ ಅದೇ ಜಾಗದಲ್ಲಿ ಅವರ ಮೈದುನ ಜಯಪ್ರಕಾಶ್‌ಗೆ ಬೆಳ್ಳಿಯ ಕಾಲುಗೆಜ್ಜೆ ಸಿಕ್ಕಿತು. ಅದು ಆರು ವರ್ಷದ ಹಿಂದೆ, ಹದಿನೇಳನೆಯ ವಯಸ್ಸಿನಲ್ಲಿ ಕಾಣೆಯಾದ ಮಗಳು ದೀಕ್ಷಿತಾಳದ್ದು.

"ದವಡೆ ಪೊಲೀಸರು ನಿಮಗೇ ಕೊಟ್ಟದ್ದಂತೆ. ಅವಳದ್ದು ಹೌದಾ ಅಲ್ಲವಾ, ಅಷ್ಟು ಹೇಳಿ ಡಾಕ್ಟ್ರೇ," ಎಂದರು.

ಸುಳ್ಯದಲ್ಲಿ ಡಾಕ್ಟರ್ ಶಹನಾ ಹಲ್ಲಿನ ವೈದ್ಯೆ. ಗುರುತು ಸಿಗದ ಹೆಣಗಳ ವಿಷಯದಲ್ಲಿ ಪೊಲೀಸರಿಗೂ ಅವರೇ ಬೇಕು. ನಾನು ನೆಬೀಸ, ಅವರ ನರ್ಸ್. ದವಡೆಯ ಹಲ್ಲು ಪ್ರಯೋಗಾಲಯಕ್ಕೆ ಹೋಗಿದೆ, ವರದಿ ಬರಲಿ ಎಂದರು ಆ ದಿನ ಡಾಕ್ಟರು. ಮಗಳು ಗೆಜ್ಜೆ ಹಾಕಿಕೊಂಡೇ ಹೋಗಿದ್ದಳಾ ಎಂದೂ ಕೇಳಿದರು. ತನಗೆ ಗೊತ್ತಿಲ್ಲ, ಅವಳ ಪೆಟ್ಟಿಗೆ ತೆರೆಯುವ ಧೈರ್ಯವೇ ಬಂದಿಲ್ಲ ಎಂದರು ಆ ತಾಯಿ.

ಪ್ರಯೋಗಾಲಯದ ವರದಿ ಬರುವವರೆಗೆ ದಿನಾ ಶೀಲಾವತಿಯ ಫೋನು. ಡಾಕ್ಟರು ಪೊಲೀಸರು ಕೊಟ್ಟಿದ್ದ ಗೆಜ್ಜೆಯನ್ನು ಲೆನ್ಸಿನಡಿ ತಿರುಗಿಸುತ್ತಿದ್ದರು. ಕೆಂಪು ಮಣ್ಣು ಮೇಲೆ ಮಾತ್ರ ಮೆತ್ತಿತ್ತು, ಕೊಂಡಿಗಳ ಒಳಗೆ ಇರಲಿಲ್ಲ.

ವರದಿ ಬಂದ ಮೇಲೆ ಶೀಲಾವತಿಯ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಸಬ್ ಇನ್‌ಸ್ಪೆಕ್ಟರ್ ಇದ್ದರು, ಜಯಪ್ರಕಾಶ್ ಇದ್ದ. ಡಾಕ್ಟರು ದುಗ್ಗಮ್ಮನನ್ನೂ ಕರೆಸಿದ್ದರು. ಆಕೆಯ ಮಗ ವಿಷ್ಣುಪ್ರಸಾದ್ ಆ ಕೋರೆಯಲ್ಲಿ ಜಯಪ್ರಕಾಶನ ಪಾಲುದಾರ. ದೀಕ್ಷಿತಾ ಹೋದ ದಿನವೇ ಅವನೂ ಕಾಣೆಯಾಗಿದ್ದ. ನಲವತ್ತೈದರ ಗಂಡಸು ಹುಡುಗಿಯನ್ನು ಹಾರಿಸಿಕೊಂಡು ಹೋದ ಎಂದು ಊರು ಆಡಿಕೊಂಡಿತ್ತು.

"ಹಲ್ಲು ಮೂಡಿದ ಕೂಡಲೇ ಅದರ ಬಿಳಿ ಹೊರಪದರ, ಎನಾಮಲ್, ಪೂರ್ತಿ ಬಲಿತಿರುವುದಿಲ್ಲ," ಎಂದರು ಡಾಕ್ಟರ್ ಶಹನಾ. "ಬಾಯಲ್ಲಿದ್ದು ಎಂಜಲಿನ ಖನಿಜ ಹೀರಿ ವರ್ಷಗಟ್ಟಲೆ ಗಟ್ಟಿಯಾಗುದು. ಎಳೆ ಹಲ್ಲಿನ ಮೇಲೆ ನವಿರು ಗೆರೆಗಳು ಉಂಟು. ಇದರಲ್ಲಿ ಎಲ್ಲ ಸವೆದಿದೆ, ಉದ್ದುದ್ದ ಬಿರುಕು ಬಿದ್ದಿದೆ. ಹದಿನೇಳರ ಹಲ್ಲಲ್ಲ ಇದು. ಎನಾಮಲ್ ಆಗುವಾಗ ಗಂಡಸರಲ್ಲಿ ಮಾತ್ರ ಇರುವ ಪ್ರೋಟೀನಿನ ಚೂರೊಂದು ಒಳಗೆ ಉಳಿಯುತ್ತದೆ. ಅದೂ ಸಿಕ್ಕಿದೆ. ಇದು ನಡುವಯಸ್ಸಿನ ಗಂಡಸಿನ ದವಡೆ."

"ನನ್ನ ಮಗನದ್ದಾ?" ಎಂದರು ದುಗ್ಗಮ್ಮ.

ಡಾಕ್ಟರ ಮಾತಿನಂತೆ ಶೀಲಾವತಿ ಒಳಗೆ ಹೋಗಿ ಪೆಟ್ಟಿಗೆ ತೆರೆದರು. ಅದರಲ್ಲಿ ಒಂದೇ ಗೆಜ್ಜೆ ಇತ್ತು; ಜೋಡಿಯ ಇನ್ನೊಂದನ್ನು ಯಾರೋ ಈಚೆಗೆ ತೆಗೆದು, ಮಣ್ಣು ಮೆತ್ತಿ ಕೋರೆಯಲ್ಲಿ ಇಟ್ಟಿದ್ದರು. ಈ ಮನೆಯೊಳಗೆ ಬಂದು ಹೋಗುವವನು ಜಯಪ್ರಕಾಶ್ ಒಬ್ಬನೇ. ದವಡೆ ಸಿಕ್ಕಿದ ಮೇಲೆ ಅದು ಹುಡುಗಿಯದ್ದೆಂದು ಆಗಬೇಕಿದ್ದದ್ದೂ ಅವನಿಗೇ. ಇಲ್ಲದಿದ್ದರೆ ಕಾಣೆಯಾದ ಪಾಲುದಾರನ ಬಗ್ಗೆ ಕೇಳಿಕೊಂಡು ಪೊಲೀಸರು ಅವನಲ್ಲಿಗೇ ಬರುತ್ತಿದ್ದರು ಎಂದರು ಡಾಕ್ಟರು.

ಕೋರೆಯ ಪಾಲಿನ ಜಗಳದಲ್ಲಿ ವಿಷ್ಣುಪ್ರಸಾದನನ್ನು ಕಲ್ಲಿನಿಂದ ಹೊಡೆದದ್ದು, ನೀರಿಗೆ ನೂಕಿದ್ದು ಎಲ್ಲ ಜಯಪ್ರಕಾಶ್ ಒಪ್ಪಿಕೊಂಡ.

"ಹುಡುಗಿ ಅದನ್ನು ಕಂಡಿದ್ದಳು," ಎಂದ. "ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ತಿರುಗಿ ಬಂದರೆ ನಿನ್ನ ಅಮ್ಮನನ್ನು ಉಳಿಸುದಿಲ್ಲ ಅಂದಿದ್ದೆ. ಹಾಸನದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಇದ್ದಾಳೆ."

ಸಂಜೆಯೊಳಗೆ ಹಾಸನದ ಪೊಲೀಸರು ಅವಳನ್ನು ಹುಡುಕಿ ಫೋನಿನಲ್ಲಿ ಮಾತಾಡಿಸಿದರು. ಮಗಳು "ಅಮ್ಮ" ಎಂದಾಗ ಶೀಲಾವತಿ ಊಟ ಆಯಿತಾ ಎಂದು ಕೇಳಿದರು. ಆಮೇಲೆ ಫೋನು ನನ್ನ ಕೈಗಿಟ್ಟು, ಮೂಲೆಯಲ್ಲಿ ಒಬ್ಬರೇ ಕೂತಿದ್ದ ದುಗ್ಗಮ್ಮನ ಪಕ್ಕಕ್ಕೆ ಹೋಗಿ ಕೂತರು.