ಮಿಣುಕಿಯ ನಗು

ಆ ನಗು ಅವಳದೇ. ಆದರೆ ಅವಳು ನಕ್ಕಿರಲಿಲ್ಲ.

ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಒರೆಸುತ್ತಿದ್ದ ದಂತವೈದ್ಯೆ ಹಾಗೇ ನಿಂತುಬಿಟ್ಟಳು. ಹೊರಗಿನ ಕೋಣೆಯಿಂದ ಅದು ಮತ್ತೊಮ್ಮೆ ಕೇಳಿಸಿತು. ಮೊದಲು ಬಿಕ್ಕಳಿಕೆಯಂಥ ಒಂದು ತಡೆ, ಆಮೇಲೆ ಕುಕ್ಕರ್ ಕೂಗುವಂತೆ ಮೇಲೇರುವ ಕಿರುದನಿ, ಕೊನೆಗೆ ಮೂಗಿನಿಂದ ಹೊರಬೀಳುವ ಒಂದು 'ಗೊರ್'...

ಹೀಗೆ ನಗುವವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಶಾಲೆಯಲ್ಲಿ ಗೆಳತಿಯರು ಅಣಕಿಸಿದ್ದೇ ಅಣಕಿಸಿದ್ದು. ಮನೆಯಲ್ಲಿ ಸೋದರತ್ತೆ "ಬಾಯಿ ಮುಚ್ಕೊಂಡು ನಗೇ" ಎಂದು ಗದರಿದ್ದೇ ಗದರಿದ್ದು. ಕೊನೆಗೆ ಅವಳು ಆ ನಗುವನ್ನು ಎದೆಯೊಳಗೇ ಕಟ್ಟಿಹಾಕಿಬಿಟ್ಟಿದ್ದಳು. ದಿನವಿಡೀ ಕಂಡಕಂಡವರ ಬಾಯಿ ತೆರೆಸುವ ಕೆಲಸ ಅವಳದು. ತಾನು ನಗುವಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಅಂಥ ನಗು ಈಗ ಹೊರಗಿನ ಕೋಣೆಯಲ್ಲಿ ಯಾರ ಬಾಯಿಂದ ಬರುತ್ತಿದೆ?

ಅವಳು ಹೊರಗೆ ಬಂದಳು. ಬೆಂಚಿನ ಮೇಲೆ ಗಣಿತದ ಮೇಷ್ಟ್ರೊಬ್ಬರೇ ಕೂತಿದ್ದರು. ದವಡೆ ಊದಿತ್ತು, ಕೈಯಲ್ಲೊಂದು ಪುಟ್ಟ ಆಟದ ಮಶೀನು. ನಗು ಬರುತ್ತಿದ್ದುದು ಅದರಿಂದ.

"ಸಾರಿ ಡಾಕ್ಟ್ರೇ, ಜೋರಾಯ್ತಾ?" ಮೇಷ್ಟ್ರು ಸಿಕ್ಕಿಬಿದ್ದವರ ಹಾಗೆ ಎದ್ದುನಿಂತರು. "ನಿಮ್ಮ ಡ್ರಿಲ್ ನೆನಸ್ಕೊಂಡ್ರೆ ಕೈಕಾಲು ತಣ್ಣಗಾಗುತ್ತೆ. ಅದಕ್ಕೇ ಇದನ್ನ ಆಡ್ತಾ ಕೂತಿದ್ದೆ."

"ಏನದು?" ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ಹಳೇ ಆಟ. ಕಾಡು ಮೇಡು ಅಲೆದು ಒಂದೊಂದೇ ಜೀವಿ ಹಿಡಿದು ಸಾಕೋದು. ನಾನು ಕಾಲೇಜಲ್ಲಿ ಆಡಿದ್ದು. ಈಗ ಅದನ್ನೇ ಮತ್ತೆ ಹೊಸದಾಗಿ ಮಾಡಿದಾರೆ, ಬಣ್ಣ ಏನು, ಸಂಗೀತ ಏನು! ಆಗೆಲ್ಲಾ ಎಲ್ಲಾ ಜೀವಿಗಳೂ ಕೀಂ, ಕೂಂ ಅಂತಿದ್ವು ಅಷ್ಟೇ. ಈಗ ಒಂದೊಂದಕ್ಕೆ ಒಂದೊಂದು ದನಿ. ಇದು ಮಿಣುಕಿ. ಇದರ ನಗು ಕೇಳಿ, ಹಲ್ಲುನೋವೂ ಮರೆತುಹೋಗುತ್ತೆ."

ಪರದೆಯ ಹುಲ್ಲಿನ ನಡುವೆ ಬೆಳಕಿನ ಮುದ್ದೆಯಂಥ ಒಂದು ಪುಟ್ಟ ಜೀವಿ ಇಣುಕಿತು. ಅವಳ ನಗು ನಕ್ಕಿತು. ಮರುಕ್ಷಣವೇ ಓಡಿಹೋಯಿತು.

"ಇದರ ಚಾಳಿನೇ ಇಷ್ಟು," ಎಂದರು ಮೇಷ್ಟ್ರು. "ಎದುರಿಗೆ ಸಿಕ್ಕಿದ ಕೂಡ್ಲೇ ಪರಾರಿ. ಬೆನ್ನು ಹತ್ತಿದ್ರೆ ಈ ಜನ್ಮದಲ್ಲಿ ಸಿಗಲ್ಲ. ಸುಮ್ನೆ ನಿಂತು ಕಾಯ್ಬೇಕು."

ಆ ನಗು ರೆಕಾರ್ಡ್ ಆಗಿದ್ದ ಜಾಗ ಒಂದೇ ಒಂದು. ಅದು ಒಬ್ಬನ ಹತ್ತಿರ ಮಾತ್ರ ಇತ್ತು.

ಅವನ ಹತ್ತಿರ...

ಅವನ ಕೆಲಸವೇ ಶಬ್ದ ಹುಡುಕುವುದು, ಆಟಗಳಿಗೆ ದನಿ ಕೂಡಿಸುವುದು. ಮೂರು ವರ್ಷಗಳ ಹಿಂದೆ ಹುಳುಕು ಹಲ್ಲು ಹಿಡಿದುಕೊಂಡು ಇದೇ ಕ್ಲಿನಿಕ್ಕಿಗೆ ಬಂದಿದ್ದ. ಡ್ರಿಲ್ ಶುರುವಾದೊಡನೆ ಎಲ್ಲರೂ ಕಣ್ಣು ಮುಚ್ಚಿಕೊಂಡರೆ ಈ ಮಹಾರಾಯ ಕಣ್ಣರಳಿಸಿ, "ಇನ್ನೊಂದ್ಸಲ ತಿರುಗಿಸ್ತೀರಾ? ರೆಕಾರ್ಡ್ ಮಾಡ್ಕೋತೀನಿ. ಎಂಥಾ ಒಳ್ಳೇ ಶಬ್ದ!" ಎಂದಿದ್ದ. ಅವಳಿಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳಿಂದ ಕಟ್ಟಿಹಾಕಿದ್ದ ನಗು 'ಗೊರ್' ಎಂದು ಹೊರಬಿದ್ದಿತ್ತು. ಅವನು ಅಣಕಿಸಲಿಲ್ಲ. ಬಾಯೊಳಗಿನ ಹತ್ತಿಯನ್ನೂ ಮರೆತು ಅವಳನ್ನೇ ನೋಡಿದ್ದ.

ಆಮೇಲಿನ ಒಂದು ವರ್ಷ ಅವಳು ಅವನ ಮುಂದೆ ಮಾತ್ರ ಬಾಯಿ ತುಂಬ ನಕ್ಕಳು. ಅವನಿಗೆ 'ಕಿವಿರಾಯ' ಎಂದು ಹೆಸರಿಟ್ಟಳು. ಅವನಿಗೆ ಅವಳು ಯಾವತ್ತೂ 'ಡಾಕ್ಟ್ರೇ'.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವನ ಸ್ಟುಡಿಯೋಗೆ ಹೋಗಿದ್ದಳು, ಬೆರಗುಗೊಳಿಸೋಣವೆಂದು. ಬೆರಗಾದದ್ದು ತಾನೇ. ಗಾಜಿನ ಬಾಗಿಲ ಆಚೆ ದೊಡ್ಡ ಸ್ಪೀಕರಿನಿಂದ ಅವಳ ನಗು ಬರುತ್ತಿತ್ತು. ಅದನ್ನು ಕೇಳಿ ನಾಲ್ಕೈದು ಜನ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅವರ ನಡುವೆ ಅವನು.

ಅವಳು ಒಂದು ಮಾತೂ ಆಡದೆ ಹಿಂದಿರುಗಿದಳು. ಫೋನ್ ಎತ್ತಲಿಲ್ಲ. ಕ್ಲಿನಿಕ್ಕಿನ ಹೊರಗಿನ ಕೋಣೆಯ ಮೇಜಿನಲ್ಲಿ ಕೂರುವ ತಂಗಿಗೆ, "ಅವನು ಬಂದ್ರೆ ನಾನಿಲ್ಲ ಅನ್ನು" ಎಂದಳು. ಹಾಗೆ ಎರಡು ವರ್ಷ ಉರುಳಿತ್ತು.

ಅಂದು ನಾಲ್ಕು ಗೋಡೆಗಳ ನಡುವೆ ನಕ್ಕಿದ್ದರು. ಈಗ ಊರಿಗೆ ಊರೇ ನಗುತ್ತಿದೆ!

"ನಿಂಗೆ ಗೊತ್ತಿತ್ತಾ?" ಮೇಜಿನ ಹಿಂದೆ ಕೂತಿದ್ದ ತಂಗಿಯ ಕಡೆ ತಿರುಗಿದಳು.

ತಂಗಿ ಪೆನ್ನಿನ ಮುಚ್ಚಳ ಕಚ್ಚುತ್ತಾ ತಲೆ ತಗ್ಗಿಸಿದಳು. "ಗೊತ್ತಿತ್ತು ಅಕ್ಕ. ಆಟ ಬಂದ ದಿನಾನೇ ನನ್ನ ಫ್ರೆಂಡ್ ಕೇಳಿಸಿದ್ಲು. ಎಲ್ರೂ ರಿಂಗ್‌ಟೋನ್ ಮಾಡ್ಕೊಂಡಿದಾರೆ."

"ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಗೆ ಹೇಳ್ಲಿ? ಅವ್ರ ಹೆಸರೆತ್ತಿದ್ರೆ ನೀನು ಮೂರು ದಿನ ಊಟ ಬಿಡ್ತೀಯ." ತಂಗಿ ಒಂದು ಗುಟುಕು ನೀರು ಕುಡಿದಳು. "ಇನ್ನೊಂದು ವಿಷಯ. ಹೋದ ವಾರ ಭಾವ ಬಂದಿದ್ರು. ನೀನು ಹೇಳಿದ್ದನ್ನೇ ಹೇಳಿ ಕಳಿಸ್ಬಿಟ್ಟೆ. ಒಂದು ಗಂಟೆ ಆ ಮೆಟ್ಟಿಲ ಮೇಲೆ ಕೂತಿದ್ದು ಹೋದ್ರು."

ಮದುವೆಯೇ ಆಗಿಲ್ಲ, ಭಾವ ಅಂತೆ, ಭಾವ. ಅವಳು ಬಿಳಿ ಕೋಟು ಕಳಚಿ ಕುರ್ಚಿಯ ಮೇಲೆಸೆದಳು.

"ಡಾಕ್ಟ್ರೇ, ನನ್ನ ಹಲ್ಲು?" ಎಂದರು ಮೇಷ್ಟ್ರು.

"ನಾಳೆ ಬನ್ನಿ," ಎಂದಳು. ಮೇಷ್ಟ್ರ ಮುಖ ಹಬ್ಬದ ರಜೆ ಸಿಕ್ಕಷ್ಟು ಅರಳಿತು.

"ಅವಸರವೇನಿಲ್ಲ ಬಿಡಿ. ಏನೋ ಗೊತ್ತಿಲ್ಲ, ನಿಮ್ಮ ಡ್ರಿಲ್ ಕೇಳಿದ್ರೆ ನಂಗೆ ಈ ಆಟದ ಕೊನೇ ರಾಕ್ಷಸ ನೆನಪಾಗ್ತಾನೆ."

ಅವಳಿಗೆ ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಸ್ಟುಡಿಯೋದ ಗಾಜಿನ ಬಾಗಿಲು ಅದೇ. ಒಳಗೆ ಅವನೊಬ್ಬನೇ ಇದ್ದ. ಗೋಡೆಗೆಲ್ಲ ದಪ್ಪ ಸ್ಪಂಜು, ಮೇಜಿನ ಮೇಲೆ ಮೈಕು, ನೆಲದ ತುಂಬ ವಯರು. ಅವಳನ್ನು ಕಂಡವನೇ ಎದ್ದ ರಭಸಕ್ಕೆ ಹೆಡ್‌ಫೋನಿನ ವಯರು ಕಾಲಿಗೆ ಸಿಕ್ಕಿ ಮುಗ್ಗರಿಸಿದ. ಇಳಿದುಹೋಗಿದ್ದ ಅವನ ಮುಖ ಕಂಡು ಅವಳ ಕರುಳು ಚುರಕ್ಕೆಂದಿತು. ಆದರೆ ಅವಳು ಬಂದಿದ್ದು ಕರುಳಿನ ಮಾತು ಕೇಳಲಿಕ್ಕಲ್ಲ.

"ಎಷ್ಟಕ್ಕೆ ಮಾರಿದ್ರಿ?"

"ಏನನ್ನ?"

"ನನ್ನ ನಗುನ. ಆವತ್ತು ನಾಲ್ಕು ಜನ ನಕ್ಕಿದ್ದು ನಿಮಗೆ ಸಾಲಲಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಆವತ್ತು... ಆವತ್ತು ನೀನು ಬಂದಿದ್ಯಾ?"

ಈಗ ಬೆಚ್ಚಿದ್ದು ಅವಳು. ಎರಡು ವರ್ಷ ಅವನಿಗೆ ಶಿಕ್ಷೆ ಕೊಟ್ಟಿದ್ದಳು, ತಪ್ಪು ಯಾವುದೆಂದು ಹೇಳಿಯೇ ಇರಲಿಲ್ಲ. ಅವನಿಗೆ ಇಷ್ಟು ದಿನ ಕಾರಣವೇ ಗೊತ್ತಿರಲಿಲ್ಲ!

"ಬಾಗಿಲಲ್ಲೇ ನಿಂತಿದ್ದೆ," ಎಂದಳು ಸಣ್ಣಗೆ. "ಎಲ್ಲಾ ನೋಡಿದೆ."

ಅವನು ನಿಧಾನವಾಗಿ ಕುರ್ಚಿಗೆ ಕುಸಿದ.

"ನಮ್ಮಲ್ಲಿ ಒಂದು ಪದ್ಧತಿ ಇದೆ," ಎಂದ. "ಜೀವಿಗೆ ನಿಜವಾದ ದನಿ ರೆಡಿ ಆಗೋವರೆಗೂ ಆ ಜಾಗದಲ್ಲಿ ಕೈಗೆ ಸಿಕ್ಕಿದ್ದೊಂದು ಶಬ್ದ ಹಾಕಿರ್ತೀವಿ. ನೀನು ಹಲ್ಲಿಗೆ ತಾತ್ಕಾಲಿಕ ಅಂತ ಸಿಮೆಂಟ್ ತುಂಬ್ತೀಯಲ್ಲ, ಹಾಗೆ. ಒಂದಕ್ಕೆ ಮ್ಯಾನೇಜರ್ ಸೀನಿದ ಸದ್ದು. ಇನ್ನೊಂದಕ್ಕೆ ಮುರುಕು ಕುರ್ಚಿ ಕಿರುಗುಟ್ಟೋದು. ಮಿಣುಕಿಗೆ ನಿನ್ನ ನಗು ಹಾಕಿದ್ದೆ. ಆವತ್ತು ಎಲ್ಲಾ ಒಟ್ಟಿಗೆ ಕೇಳ್ತಾ ಇದ್ವಿ. ಸೀನಿಗೂ ನಕ್ರು, ಕುರ್ಚಿಗೂ ನಕ್ರು. ನಿನ್ನ ನಗುಗೆ... ಅದನ್ನ ಕೇಳಿ ಯಾರಿಗಾದ್ರೂ ನಗದೆ ಇರೋಕಾಗುತ್ತಾ? ಅಣಕ ಅಲ್ಲ, ಅದು ಅಂಟ್ಕೊಳ್ಳುತ್ತೆ."

"ನನ್ನನ್ನ ಕೇಳ್ದೆ ಹಾಕಿದ್ದು?"

"ಅದು ತಪ್ಪೇ. ಅದಕ್ಕೆ ಸಬೂಬು ಇಲ್ಲ."

"ಹಾಗಾದ್ರೆ ಆಟದಲ್ಲಿ ಯಾಕಿದೆ?"

"ಆಮೇಲೆ ಮಿಣುಕಿಗೆ ಬೇರೆ ದನಿ ಮಾಡಿದ್ದೆ. ಹಕ್ಕಿ ದನಿ, ಗಾಜಿನ ಸದ್ದು ಸೇರಿಸಿ. ಕೊನೇ ಜೋಡಣೆಯಲ್ಲಿ ಹಳೇ ಫೈಲೇ ಹೋಗ್ಬಿಟ್ಟಿದೆ. ನಂಗೆ ಗೊತ್ತಾಗಿದ್ದು ಅಂಗಡಿಯಲ್ಲಿ. ಯಾರೋ ಆಡ್ತಿದ್ರು, ನೀನು ನಕ್ಕೆ. ಎರಡು ವರ್ಷ ಆದ್ಮೇಲೆ... ನಾನು ಅಂಗಡಿ ನೆಲದ ಮೇಲೇ ಕೂತ್ಬಿಟ್ಟೆ." ಅವನು ಕಣ್ಣೊರೆಸಿಕೊಂಡ. "ಕಂಪನಿಯವರು ಜನಕ್ಕೆ ಇಷ್ಟ ಆಗಿದೆ ಬಿಡು ಅಂದ್ರು. ನಗು ಯಾರದೋ ಅವಳು ಹೂಂ ಅನ್ದೆ ಅದನ್ನ ಇಡೋ ಹಾಗಿಲ್ಲ ಅಂದೆ. ಹೇಳೋಕೆ ಅಂತಾನೇ ಕ್ಲಿನಿಕ್‌ಗೆ ಬಂದಿದ್ದು. ಇವತ್ತು ಸಂಜೆ ಅಪ್‌ಡೇಟ್ ಹೋಗುತ್ತೆ. ನೀನು ಸಿಗಲಿಲ್ಲ ಅಂದ್ರೆ ತೆಗೆದುಬಿಡೋದು ಅಂತಾನೇ ಇದ್ದೆ. ಈಗ ನೀನೇ ಹೇಳು."

ಎರಡು ಗುಂಡಿ ತೋರಿಸಿದ. ಮೊದಲನೆಯದನ್ನು ಒತ್ತಿದಾಗ ಹಕ್ಕಿಯೂ ಗಾಜೂ ಬೆರೆತ ಒಂದು ದನಿ ಕೋಣೆಯಲ್ಲಿ ತೇಲಿತು. ಚೆಂದವಾಗಿತ್ತು, ಬೆರಳಿಟ್ಟು ತೋರಿಸಲು ಒಂದೂ ಕೊರತೆಯಿರಲಿಲ್ಲ.

ಅವಳೇ ಎರಡನೆಯ ಗುಂಡಿ ಒತ್ತಿದಳು.

ಬಿಕ್ಕಳಿಕೆ, ಸೀಟಿ, ಗೊರ್. ಆಟದಲ್ಲಿ ಅಷ್ಟಕ್ಕೇ ಕತ್ತರಿಸಿದ್ದರು. ಇಲ್ಲಿ ಇನ್ನೂ ಇತ್ತು. "ಏ ಕಿವಿರಾಯ, ಅದನ್ನ ಆಫ್ ಮಾಡೋ..." ಎನ್ನುತ್ತಿದ್ದಳು ಎರಡು ವರ್ಷದ ಹಿಂದಿನ ಅವಳು. ಹಿಂದೆಯೇ ಅವನೂ ನಗುತ್ತಿದ್ದ.

ಎಷ್ಟು ಸುಖವಾಗಿದ್ದಳು ಆ ಹುಡುಗಿ! ತನ್ನ ನಗು ತನಗೇ ಅಸಹ್ಯವೆನಿಸದೆ ಕೇಳಿಸಿದ್ದು ಅವಳಿಗೆ ಅದೇ ಮೊದಲು.

"ನಿಜ ಹೇಳಿ," ಎಂದಳು. "ಬೇರೆ ತಾತ್ಕಾಲಿಕ ಶಬ್ದ ಯಾವುದೂ ಆಟದೊಳಗೆ ಹೋಗ್ಲಿಲ್ಲ. ಇದೊಂದೇ ಹೇಗೆ ಹೋಯ್ತು?"

ಅವನು ಮೇಜಿನ ಅಂಚು ಉಗುರಿನಿಂದ ಕೆರೆಯುತ್ತಾ ಕೂತ.

"ಕೆಲಸ ಮುಗಿದ್ಮೇಲೆ ಅವನ್ನೆಲ್ಲಾ ಅಳಿಸ್ಬೇಕು. ಸೀನು ಅಳಿಸ್ದೆ, ಕುರ್ಚಿ ಅಳಿಸ್ದೆ. ಇದೊಂದನ್ನ ಅಳಿಸೋಕೆ ಕೈ ಬರ್ಲಿಲ್ಲ. ನೀನು ಹೋಗಿದ್ದೆ, ಉಳಿದಿದ್ದು ಇದೊಂದೇ. ಅಳಿಸಿದ್ರೆ ಈ ಎಡವಟ್ಟು ಆಗ್ತಾನೇ ಇರ್ಲಿಲ್ಲ."

ಅವಳು ಮುಖ ತಿರುಗಿಸಿ ಗೋಡೆಯ ಸ್ಪಂಜು ನೋಡುತ್ತಾ ನಿಂತಳು.

"ನನ್ನ ಡ್ರಿಲ್ಲೂ ಅಳಿಸಿದ್ರಾ?" ಎಂದಳು, ಏನಾದರೂ ಕೇಳಬೇಕಲ್ಲ ಎಂದು.

"ಇಲ್ಲ, ಅದನ್ನ ಬೇಕಂತಲೇ ಇಟ್ಟಿದೀನಿ. ಆಟದಲ್ಲಿ ಕೊನೇಗೊಬ್ಬ ದೊಡ್ಡ ರಾಕ್ಷಸ ಬರ್ತಾನೆ. ಅವನ ಗರ್ಜನೆ ಅದೇ. ಸ್ವಲ್ಪ ನಿಧಾನ ಮಾಡಿದೀನಿ ಅಷ್ಟೇ."

ಅವಳು ಗರಬಡಿದವಳಂತೆ ಅವನನ್ನೇ ನೋಡಿದಳು. ಊದಿದ ದವಡೆಯ ಮೇಷ್ಟ್ರು ಕಣ್ಮುಂದೆ ಬಂದರು. ಪಾಪ, ಡ್ರಿಲ್ಲಿನ ಭಯಕ್ಕೆ ಆಟದೊಳಗೆ ಅಡಗಿಕೊಂಡರೆ ಅಲ್ಲೂ ಅದೇ ಡ್ರಿಲ್ಲು ಕಾದು ಕೂತಿದೆ!

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಯೋಜನವಾಗಲಿಲ್ಲ. ಮೊದಲು ಬಿಕ್ಕಳಿಕೆ ಬಂತು, ಆಮೇಲೆ ಸೀಟಿ, ಆಮೇಲೆ ಗೊರ್. ಎರಡು ವರ್ಷದ್ದು ಬಾಕಿಯಿತ್ತು, ನಿಲ್ಲುವ ಮಾತೇ ಇಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಕೈ ತಾನಾಗಿ ಬಾಯಿಯಿಂದ ಕೆಳಗಿಳಿಯಿತು.

ಅವನು ಉಸಿರಾಡಲೂ ಮರೆತು ಕೇಳಿಸಿಕೊಂಡ. ಆಮೇಲೆ ಥಟ್ಟನೆ ಏನೋ ನೆನಪಾಗಿ ಮೇಜಿನತ್ತ ಕೈ ಚಾಚಿದ.

"ಅಯ್ಯೋ, ಮೈಕ್ ಆನ್ ಇದೆ. ತಡಿ, ಆಫ್ ಮಾಡ್ತೀನಿ."

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಇರ್ಲಿ ಬಿಡೋ ಕಿವಿರಾಯ. ಆಟಾನೆಲ್ಲಾ ಹೊಸದಾಗಿ ಮಾಡಿ ನೀನು ನನ್ನ ನಗು ಮಾತ್ರ ಯಾಕೆ ಹಳೇದು ಇಟ್ಟಿದೀಯ? ಇದನ್ನ ಹಾಕು."

ಅವನ ಕಣ್ಣು ತುಂಬಿ ಬಂದದ್ದು ಆ ಮಾತಿಗಲ್ಲ, ಅದರೊಳಗೆ ಮರಳಿ ಬಂದ 'ನೀನು' ಎಂಬುದಕ್ಕೆ.

"ಜಗತ್ತೆಲ್ಲಾ ಕೇಳುತ್ತೆ ಡಾಕ್ಟ್ರೇ. ಪರವಾಗಿಲ್ವಾ?"

"ಕೇಳ್ಲಿ. ಅತ್ತೆಗೂ ಒಂದು ಮಶೀನು ಕೊಡಿಸ್ತೀನಿ."

"ಮತ್ತೆ... ಮಿಣುಕಿ ಈಗಲೂ ನಕ್ಕ ತಕ್ಷಣ ಓಡಿಹೋಗುತ್ತೆ. ಅದನ್ನ ಬದಲಾಯಿಸೋದು ನನ್ನ ಕೈಲಿಲ್ಲ."

ಅವಳು ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಹತ್ತಿರಕ್ಕೆಳೆದು ಅವನ ಪಕ್ಕ ಕೂತಳು.

"ಅದು ಓಡಿಹೋಗ್ಲಿ ಬಿಡು," ಎಂದಳು. "ನಾನು ಕೂತಿದೀನಲ್ಲ."