ಬೆನ್ನು ತಿರುಗಿಸಿದ ಹೆಣ್ಣು

"ಇದನ್ನ ಯಾರು ಮುಟ್ಟಿದ್ದು?"

ಕಲಿಯಲು ಹೊಸದಾಗಿ ಸೇರಿದ್ದ ದೇವರಾಜ್ ದನಿ ಏರಿಸಿರಲಿಲ್ಲ. ಆದರೂ ಜಯನಗರದ ಆ ಪೇಂಟಿಂಗ್ ಕ್ಲಾಸಿನಲ್ಲಿ ಎಲ್ಲರ ಕೈ ನಿಂತಿತು.

"ನಾನೇ ಸಾರ್..." ಇಂದ್ರಾಣಿ ಎದ್ದು ನಿಂತಳು. "ನೀವು ಬರೋದು ಲೇಟಾಯ್ತಲ್ಲ, ಸ್ವಲ್ಪ ಸರಿ ಮಾಡಿದೆ."

ಎಲ್ಲರೂ ನೋಡಿ ಬರೆಯುತ್ತಿದ್ದುದು ಒಂದೇ ಹಳೆಯ ಪ್ರಸಿದ್ಧ ಚಿತ್ರ. ಕೆರೆಯ ದಡ, ಹುಲ್ಲು, ನಮಗೆ ಬೆನ್ನು ಮಾಡಿ ನಿಂತ ಹೆಣ್ಣು. ದೇವರಾಜ್ ಮಾತ್ರ ಅವಳನ್ನು ಈ ಕಡೆ ತಿರುಗಿಸಿ ಮುಖ ಬರೆದಿದ್ದ. "ಹೊಸಬರಿಗೆ ಹೇಳಿಕೊಡಮ್ಮ" ಎಂದು ಮೇಷ್ಟ್ರು ಅಂದಿದ್ದೇ ತಡ, ಈ ಮಹಾತಾಯಿ ಆ ಮುಖವನ್ನು ಸರಿಯಾಗಿ ನೋಡದೆಯೇ ಮೇಲೆ ಕಪ್ಪು ಬಳಿದು ಜಡೆ ಎಳೆದುಬಿಟ್ಟಿದ್ದಳು! ಬೇರೆಯವರ ತಪ್ಪು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

"ಅದು ನನ್ನ ಹೆಂಡತಿ ಮುಖ. ಅವಳು ಹೋದ್ಮೇಲೆ, ಅದನ್ನ ಬರೆಯೋಕೆ ಅಂತಾನೇ ಇಲ್ಲಿಗೆ ಸೇರಿದ್ದು," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಮುಂದಿನ ಭಾನುವಾರದ ಕ್ಲಾಸಿಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಇಂದ್ರಾಣಿ ತನ್ನ ಚಿತ್ರಕ್ಕೆ ಕುಂಚ ಮುಟ್ಟಿಸಲೇ ಇಲ್ಲ. 'ಸತ್ತವಳನ್ನು ಇನ್ನೊಂದು ಸಲ ಸಾಯಿಸಿದೆನಲ್ಲ... ಅದೂ ನಾನು ವಾರವೆಲ್ಲ ಯಾರ ದಾರಿ ಕಾಯುತ್ತೇನೋ, ಅವರ ಹೆಂಡತಿಯನ್ನು!'

ಕೊನೆಗೆ ಮೇಷ್ಟ್ರ ಹತ್ತಿರ ವಿಳಾಸ ಕೇಳಿ, ಆ ಕ್ಯಾನ್ವಾಸ್ ಹಿಡಿದುಕೊಂಡು ಇಟ್ಟಮಡುವಿನ ಅವನ ಮನೆಗೇ ಹೋದಳು.

"ತಪ್ಪಾಯ್ತು ಸಾರ್. ಎಷ್ಟು ಬೇಕಾದ್ರೂ ಬೈರಿ. ಕ್ಲಾಸ್ ಮಾತ್ರ ಬಿಡಬೇಡಿ. ಬೇಕಾದ್ರೆ ನಾನೇ ಬಿಟ್ಟುಬಿಡ್ತೀನಿ."

ದೇವರಾಜ್ ತಲೆ ತಗ್ಗಿಸಿದ.

"ನಿಮ್ಮ ಮೇಲೆ ಸಿಟ್ಟಿಲ್ಲ ಇಂದ್ರಾಣಿ ಅವ್ರೇ. ಅವತ್ತು ನಾನು ಹೇಳಿದ್ದು ಅರ್ಧ ಸುಳ್ಳು. ಅವಳ ಮುಖ ಅಂತಾನೇ ಶುರು ಮಾಡಿದ್ದೆ... ಮುಗಿಸಿ ನೋಡಿದ್ರೆ, ನಿಮ್ಮ ಮುಖ ಬಂದಿತ್ತು."

"ನಂದಾ?"

"ಹ್ಞೂಂ. ಅಳಿಸಿಹೋಗಿದ್ದು ನೋಡಿ ಹೊಟ್ಟೆ ಉರೀತು. ಅವಳಿಗೋಸ್ಕರ ಅಲ್ಲ. ಆವತ್ತಿಂದ ಅವಳ ಫೋಟೋ ಮುಂದೆ ನಿಲ್ಲೋಕೂ ಮುಖ ಇಲ್ಲ ನಂಗೆ."

ಇಂದ್ರಾಣಿಗೆ ಖುಷಿ ಉಕ್ಕಿತು. ಉಕ್ಕಿದ್ದಕ್ಕೇ ನಾಚಿಕೆಯೂ ಆಯಿತು. ಗೋಡೆಯ ಮೇಲೆ, ಹೂವಿನ ಹಾರದ ನಡುವೆ ಅವನ ಹೆಂಡತಿ ನಗುತ್ತಿದ್ದಳು. ಈ ಸಲ ಇಂದ್ರಾಣಿ ಆ ಮುಖವನ್ನು ನಿಧಾನವಾಗಿ, ಪೂರ್ತಿಯಾಗಿ ನೋಡಿದಳು.

"ಆ ಫೋಟೋ ಇಳಿಸಿ ಕೊಡಿ."

"ಯಾಕೆ?"

"ಎದುರಿಗೆ ಇಟ್ಕೊಂಡು ಮೊದಲು ಅವರನ್ನ ಬರೀರಿ. ನಾನು ಹೇಳಿಕೊಡ್ತೀನಿ. ಆ ನಗು ಸರಿಯಾಗಿ ಬರೋವರೆಗೂ ನಿಮ್ಮನ್ನ ಬಿಡಲ್ಲ."

ಅವನ ಕಣ್ಣು ತುಂಬಿತ್ತು.

"ಬಂದ್ಮೇಲೆ?"

"ಬಂದ್ಮೇಲೂ..." ಅವಳು ಅವನ ಕೈಗೆ ಕುಂಚ ಕೊಟ್ಟಳು. "ಬಿಡಲ್ಲ."