ಕಟಿಂಗಿಗೆ ಕೂತ ಮರ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬಟ್ಟೆ ಒಣಹಾಕುವ ತಂತಿಯೇ ಕಾಣುತ್ತಿರಲಿಲ್ಲ. ಅದಕ್ಕೆ ಸಿಕ್ಕಿಸಿದ್ದ ಬಣ್ಣದ ಕ್ಲಿಪ್ಪುಗಳು ಮಾತ್ರ ಗಾಳಿಯಲ್ಲಿ ಕೂತ ಹಕ್ಕಿಗಳ ಹಾಗೆ ಕಾಣುತ್ತಿದ್ದವು. ಚೋಟಿ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ.

ಅಷ್ಟರಲ್ಲಿ ಎಡಗಡೆಯ ಮಂಜಿನಿಂದ ಒಂದು ಆಕೃತಿ ಬಂತು. ಅದರ ಕೈಯಲ್ಲಿ ಒಂದು ಕುಂಡ. ಬಲಗಡೆಯ ಮಂಜಿನಿಂದ ಇನ್ನೊಂದು ಬಂತು. ಅದರ ಕೈಯಲ್ಲಿ ಒಂದು ಸೌಟು. ಎರಡೂ ತುದಿಗಾಲಲ್ಲಿ ನಡೆದು ಬಂದು, ಹಿತ್ತಲ ನಡುವೆ ಢಿಕ್ಕಿ ಹೊಡೆದವು.

"ಅಯ್ಯೋ! ಯಾರದು?"

"ನಿನ್ನ ಅಕ್ಕ ಕಣೋ! ಇಷ್ಟು ಹೊತ್ತಿಗೇ ಇಲ್ಲೇನೋ ಮಾಡ್ತಿದೀಯ?"

"ವಾಕಿಂಗ್."

"ಕುಂಡ ಎತ್ಕೊಂಡು ವಾಕಿಂಗಾ?"

"ಅದಕ್ಕೂ ಗಾಳಿ ಬೇಡ್ವಾ? ನೀನ್ಯಾಕೆ ಸೌಟು ಹಿಡ್ಕೊಂಡಿದೀಯ ಅಕ್ಕಾ?"

"ಮಂಜು ಗಟ್ಟಿಯಾಗಿದೆ. ಸ್ವಲ್ಪ ಕಲಕೋಣ ಅಂತ."

ಒಬ್ಬ ಚೋಟಿಯ ಅಜ್ಜ. ಇನ್ನೊಬ್ಬಳು ಅಜ್ಜನ ಅಕ್ಕ. ಅವಳನ್ನು ಮನೆಯವರೆಲ್ಲ ಅಕ್ಕಜ್ಜಿ ಎನ್ನುತ್ತಿದ್ದರು. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಆದರೆ ಜಗಳಕ್ಕೆ ನಿಂತರೆ, ಚೋಟಿಯ ಕ್ಲಾಸಿನ ಕೊನೇ ಬೆಂಚಿನವರೂ ನಾಚಿಕೊಳ್ಳಬೇಕು.

ಜಗಳ ಒಂದು ಗುಂಡಿಯದು. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿ ಆಗಿತ್ತು. ಹಳೇ ನಲ್ಲಿ ಕಿತ್ತ ಕಡೆ ಮಾತ್ರ ಬಕೆಟ್ಟಿನಷ್ಟು ಅಗಲದ ಮಣ್ಣು ಉಳಿದಿತ್ತು. ಅಲ್ಲಿ ತನ್ನ ಮರ ನೆಡಬೇಕೆಂದು ಅಜ್ಜ, ತನ್ನ ಹೂವಿನ ಗೆಡ್ಡೆ ನೆಡಬೇಕೆಂದು ಅಕ್ಕಜ್ಜಿ ಹಟ ಹಿಡಿದಿದ್ದರು. ಕೇಳಿ ಕೇಳಿ ಅಮ್ಮನಿಗೆ ಸಾಕಾಗಿಹೋಗಿತ್ತು.

"ನಾಳೆ ಬೆಳಿಗ್ಗೆ ಗಾರೆಯವರು ಬರ್ತಾರೆ," ಎಂದು ಅಮ್ಮ ಹಿಂದಿನ ದಿನ ಹೇಳಿದ್ದಳು. "ಅಷ್ಟರೊಳಗೆ ಇತ್ಯರ್ಥ ಆಗ್ಲಿಲ್ಲ ಅಂದ್ರೆ ಆ ಗುಂಡೀನೂ ಮುಚ್ಚಿಸಿಬಿಡ್ತೀನಿ. ಚೋಟೀನೇ ಜಡ್ಜ್. ಅವಳು ಹೇಳಿದ್ದೇ ಫೈನಲ್."

ಚೋಟುದ್ದ ಇದ್ದ ಚೋಟಿ ಅದನ್ನು ಕೇಳಿ ಆಕಾಶಕ್ಕೆ ಮೂರೇ ಗೇಣು ಎಂಬಂತೆ ಬೆಳೆದಿದ್ದಳು.

ಈಗ ಮಂಜಿನೊಳಗಿಂದ ಅಜ್ಜನ ದನಿ ಬಂತು. "ಸುಮ್ನೆ ಒಳಗೆ ಹೋಗು ಅಕ್ಕಾ. ಚೋಟಿ ನನ್ನ ಮರಕ್ಕೇ ಅಂತ ಮಾತು ಕೊಟ್ಟಿದಾಳೆ."

"ಸುಳ್ಳು! ನನ್ನ ಗೆಡ್ಡೆಗೇ ಅಂತ ನನ್ನ ಕಿವೀಲಿ ಹೇಳಿದಾಳೆ!"

ಚೋಟಿ ಬಾಯಲ್ಲಿದ್ದ ನೊರೆಯನ್ನು ಗುಳುಕ್ಕನೆ ನುಂಗಿಬಿಟ್ಟಳು.

ಇಬ್ಬರು ಹೇಳಿದ್ದೂ ನಿಜ. ಅಜ್ಜ ಮೊದಲು ಕಟಿಂಗ್ ಶಾಪ್ ಇಟ್ಟಿದ್ದ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೂ ಅವನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಚಕಚ ಆಡುತ್ತಿದ್ದವು. ಅವನ ಪಕ್ಕದಲ್ಲಿ ಟೋಪಿ ಇಲ್ಲದೆ ಕೂರುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೆಕ್ಕಿನ ಬಾಲದ ತುದಿ ಒಂದು ದಿನ ಇದ್ದಕ್ಕಿದ್ದಂತೆ ಚೌಕವಾಗಿತ್ತು. ಏಕೆಂದು ಬೆಕ್ಕೂ ಹೇಳಲಿಲ್ಲ, ಅಜ್ಜನೂ ಹೇಳಲಿಲ್ಲ. ಅಂಥ ಅಜ್ಜ ಗುಟ್ಟಾಗಿ ಚೋಟಿಯನ್ನು ಕರೆದು, ತನ್ನ ಅಂಗಡಿಯ ನೀರಿನ ಸ್ಪ್ರೇ ಬಾಟಲಿಯನ್ನು ಅವಳ ಕೈಗಿಟ್ಟಿದ್ದ. "ನಿನಗೇ ಇಟ್ಕೋ. ನ್ಯಾಯ ಮಾತ್ರ ನನ್ನ ಕಡೆ ಇರ್ಲಿ."

ಅಕ್ಕಜ್ಜಿ ಗಡಿಯಾರ ರಿಪೇರಿ ಮಾಡುತ್ತಿದ್ದವಳು. ಅವಳೂ ಗುಟ್ಟಾಗಿ ಕರೆದು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಪುಟ್ಟ ಭೂತಗನ್ನಡಿಯನ್ನು ಕೊಟ್ಟಿದ್ದಳು. "ನಿನಗೇ ಇಟ್ಕೋ ಮಗಾ. ನ್ಯಾಯ ಹೇಗಿದ್ರೂ ನನ್ನ ಕಡೆಗೇ ಇದೆ."

ಚೋಟಿ ಇಬ್ಬರಿಗೂ "ಆಯ್ತು" ಎಂದಿದ್ದಳು. ಎರಡನ್ನೂ ಇವತ್ತು ಸ್ಕೂಲಿಗೆ ಒಯ್ದು ಎಲ್ಲರಿಗೂ ತೋರಿಸಬೇಕೆಂದು ಬ್ಯಾಗಿನಲ್ಲಿ ಹಾಕಿಟ್ಟಿದ್ದಳು.

ಗೇಟು ಕಿರ್ರೆಂದಿತು. ಬಕೆಟ್ ತುಂಬ ಸಿಮೆಂಟ್ ಹಿಡಿದು ಗಾರೆಯವನು ಬಂದ. ಹಿಂದೊಮ್ಮೆ ಬಂದಾಗ ಅನುಭವವಾಗಿತ್ತೋ ಏನೋ, ಅಜ್ಜನನ್ನು ಕಂಡೊಡನೆ ತಲೆಗೆ ಟವೆಲ್ ಬಿಗಿಯಾಗಿ ಸುತ್ತಿಕೊಂಡ. "ಎಲ್ಲಿದೆ ಅಮ್ಮಾ ಗುಂಡಿ? ಬೇಗ ತೋರಿಸಿ. ಕಲಸಿದ್ದು ಗಟ್ಟಿಯಾಗ್ಬಿಡುತ್ತೆ."

"ಜಡ್ಜಮ್ಮಾ!" ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಬಾಯಿ ತೊಳ್ಕೊಂಡು ತೀರ್ಪು ಹೇಳು!"

ಬೋರಲು ಹಾಕಿದ ಬಕೆಟ್ಟೇ ಜಡ್ಜ್ ಕುರ್ಚಿಯಾಯಿತು. ಚೋಟಿ ಯೂನಿಫಾರ್ಮಿನಲ್ಲಿ ಅದರ ಮೇಲೆ ಕೂತಳು.

"ನಂದು ಎವರ್‌ಗ್ರೀನ್," ಅಜ್ಜ ಶುರುಮಾಡಿದ. ಕುಂಡದಲ್ಲಿ ಅವನ ಮೊಣಕಾಲೆತ್ತರದ ಮರ ನಿಂತಿತ್ತು. "ವರ್ಷಪೂರ್ತಿ ಹಸಿರು. ಮಳೆ ಬರ್ಲಿ, ಚಳಿ ಬರ್ಲಿ, ಎಲೆ ಉದುರೋ ಮಾತೇ ಇಲ್ಲ. ಅಕ್ಕಂದು ನೋಡು, ಈರುಳ್ಳಿ!"

"ಈರುಳ್ಳಿ ನಿನ್ನ ಮೂಗು!" ಅಕ್ಕಜ್ಜಿ ಅಂಗೈಯಲ್ಲಿದ್ದುದನ್ನು ಮುಂದೆ ಚಾಚಿದಳು. "ಇದು ಹೂವಿನ ಗೆಡ್ಡೆ."

"ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು, ಮಿಕ್ಕಿದ್ದು ಪೂರಾ ನಿದ್ದೆ ಮಾಡುತ್ತೆ. ಥೇಟ್ ನಿನ್ನ ಹಾಗೆ!"

"ನಿನ್ನ ಮರ ಎಂದಾದ್ರೂ ಹೂ ಬಿಡುತ್ತೇನೋ ತಮ್ಮಾ? ಇವತ್ತು ನೋಡಿದ್ದನ್ನೇ ನಾಳೆ ನೋಡು, ನಾಳೆ ನೋಡಿದ್ದನ್ನೇ ನಾಡಿದ್ದು ನೋಡು. ಕಾಯೋದಕ್ಕೆ ಅದರಲ್ಲಿ ಏನಿದೆ?"

"ನಿನ್ನದರಲ್ಲಿ ನೋಡೋದಕ್ಕೆ ಏನಿದೆ? ಬರೀ ಮಣ್ಣು!"

"ಹೇಳು ಚೋಟೀ, ಯಾರದು?" ಇಬ್ಬರೂ ಒಟ್ಟಿಗೇ ಕೇಳಿದರು. ಇಬ್ಬರೂ ಒಟ್ಟಿಗೇ ಅವಳಿಗೆ ಕಣ್ಣು ಮಿಟುಕಿಸಿದರು. ಒಬ್ಬರು ಮಿಟುಕಿಸಿದ್ದನ್ನು ಇನ್ನೊಬ್ಬರು ನೋಡಿಯೂ ಬಿಟ್ಟರು.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಚೋಟಿ ತಲೆ ತಗ್ಗಿಸಿದಳು. "ನಾನು... ಇಬ್ಬರಿಗೂ ಆಯ್ತು ಅಂದ್ಬಿಟ್ಟೆ. ಸ್ಪ್ರೇ ಬಾಟಲೀನೂ ಬೇಕಿತ್ತು. ಭೂತಗನ್ನಡೀನೂ ಬೇಕಿತ್ತು."

ಅಲ್ಲಿಯವರೆಗೆ ಹಾವು ಮುಂಗುಸಿಯ ಹಾಗಿದ್ದವರು ಆ ಕ್ಷಣವೇ ಅಕ್ಕ ತಮ್ಮ ಆಗಿಬಿಟ್ಟರು.

"ನೋಡಿದ್ಯೇನಕ್ಕಾ? ಎರಡೂ ಕಡೆ ಲಂಚ!"

"ನೋಡ್ದೆ ಕಣೋ. ಇಷ್ಟುದ್ದ ಇದ್ದುಕೊಂಡು!"

"ಮತ್ತೆ ಕೊಟ್ಟಿದ್ಯಾರು?" ಎಂದು ಗಾರೆಯವನು ಟವೆಲ್ಲಿನೊಳಗಿಂದಲೇ ಕೇಳಿದ. ಅಕ್ಕ ತಮ್ಮ ಇಬ್ಬರೂ ಮಂಜಿನ ಕಡೆ ನೋಡತೊಡಗಿದರು.

ಚೋಟಿ ಬಕೆಟ್ಟಿನ ಮೇಲೆ ಕೂತೇ ಯೋಚಿಸಿದಳು. ಈಗ ಯಾರ ಹೆಸರು ಹೇಳಿದರೂ ಇನ್ನೊಬ್ಬರು ನಂಬುವುದಿಲ್ಲ. ಹೇಳದಿದ್ದರೆ ಗುಂಡಿಯೇ ಇರುವುದಿಲ್ಲ. ಆಗ ಅವಳಿಗೊಂದು ವಿಷಯ ಹೊಳೆಯಿತು. ನಿನ್ನೆಯಿಂದ ಅವಳು ಬಾಟಲಿ ನೋಡಿದ್ದಳು, ಭೂತಗನ್ನಡಿ ನೋಡಿದ್ದಳು. ಗೆಡ್ಡೆಯನ್ನಾಗಲಿ ಮರವನ್ನಾಗಲಿ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

"ಸ್ವಲ್ಪ ಇರಿ. ಈಗ ನಿಜವಾಗ್ಲೂ ನೋಡ್ತೀನಿ," ಎಂದು ಬ್ಯಾಗಿನಿಂದ ಭೂತಗನ್ನಡಿ ತಂದು ಕಣ್ಣಿಗೆ ಸಿಕ್ಕಿಸಿಕೊಂಡಳು.

ಮೊದಲು ಗೆಡ್ಡೆ. ಮೇಲೆಲ್ಲ ಒಣಗಿದ ಕಾಗದದಂಥ ಸಿಪ್ಪೆ. ಆದರೆ ನೆತ್ತಿಯ ಮೇಲೆ? ಇರುವೆಯಷ್ಟೇ ದೊಡ್ಡದಾದ ಒಂದು ಹಸಿರು ಮೂಗು ಹೊರಗೆ ಇಣುಕುತ್ತಿತ್ತು.

"ಅಕ್ಕಜ್ಜೀ! ಇದು ಎದ್ದುಬಿಟ್ಟಿದೆ!"

"ಎಲ್ಲಿ, ಎಲ್ಲಿ? ಕೊಡಿಲ್ಲಿ!" ಅಕ್ಕಜ್ಜಿ ಭೂತಗನ್ನಡಿಯನ್ನು ತನ್ನ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಗೆಡ್ಡೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. "ಮಣ್ಣು ಕೊಟ್ಟಿಲ್ಲ, ನೀರು ಕೊಟ್ಟಿಲ್ಲ. ಆದ್ರೂ ಟೈಮಿಗೆ ಸರಿಯಾಗಿ ಎದ್ದಿದೆ ನೋಡು," ಎಂದು ಕೊನೆಗೆ ಮೆಲ್ಲಗೆ ಅಂದಳು. "ನಾನು ಎಷ್ಟೋ ಗಡಿಯಾರ ಬಿಚ್ಚಿದೀನಿ. ಇದನ್ನ ಮಾತ್ರ ಮೇಲಿರೋನೇ ಕೀ ಕೊಟ್ಟು ಕಳಿಸಿದಾನೆ."

ಭೂತಗನ್ನಡಿ ಅವಳ ಕಣ್ಣಲ್ಲೇ ಉಳಿಯಿತು. ಚೋಟಿ ಅದನ್ನು ವಾಪಸ್ ಕೇಳಲಿಲ್ಲ.

ಆಮೇಲೆ ಮರ. ಚೋಟಿ ಅದರ ಸುತ್ತ ಒಂದು ಸುತ್ತು ಬಂದಳು. ಒತ್ತೊತ್ತಾಗಿ ಬೆಳೆದ ಎಲೆ. ಒಂದು ಕಡೆ ಉಬ್ಬಿತ್ತು, ಒಂದು ಕಡೆ ತಗ್ಗಿತ್ತು. ಥೇಟ್ ನಿದ್ದೆಯಿಂದ ಎದ್ದವರ ತಲೆ. ಅಜ್ಜನ ಬೆರಳುಗಳು ಅದರ ಮುಂದೆ ಕಚಕಚ ಆಡುತ್ತಿದ್ದವು.

"ಅಜ್ಜಾ, ಇದು ನಿನಗ್ಯಾಕೆ ಬೇಕು? ನಿಜ ಹೇಳು."

"ಹಸಿರು ಕಣ್ಣಿಗೆ ಒಳ್ಳೇದು..."

"ಅಜ್ಜಾ."

ಅಜ್ಜ ಅತ್ತಿತ್ತ ನೋಡಿದ. "ಅದರ ತಲೆ ಬೆಳೀತಾನೇ ಇರುತ್ತೆ ಚೋಟೀ. ಕತ್ತರಿ ತಗೊಂಡು ಹತ್ರ ಹೋದ್ರೆ ಓಡೋದಿಲ್ಲ," ಎಂದ.

ಗಾರೆಯವನು ಟವೆಲ್ಲನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

"ಗುಂಡೀಲಿ ನೆಟ್ಟರೆ ಎಷ್ಟೆತ್ತರ ಆಗುತ್ತೆ?"

"ಓಹೋ! ಮನೆಗಿಂತ ಎತ್ತರ!"

"ಆಗ ಏಣಿ ಹತ್ತಿ ಕಟಿಂಗ್ ಮಾಡ್ತೀಯಾ?"

ಅಜ್ಜ ಮೇಲೆ ನೋಡಿದ. ಮಂಜಿನಲ್ಲಿ ಇನ್ನೂ ಹುಟ್ಟಿರದ ಮರದ ತುದಿ ಎಲ್ಲಿರಬಹುದೆಂದು ಕತ್ತೆತ್ತಿ ಹುಡುಕಿದ. ಚಳಿಗೆ ಹಾಕಿಕೊಂಡಿದ್ದ ಟೋಪಿ ಹಿಂದಕ್ಕೆ ಬಿತ್ತು. ಅವನ ಮುಖ ಸಪ್ಪಗಾಯಿತು.

ಚೋಟಿ ಒಳಗೆ ಓಡಿದಳು. ಸಾಮಾನು ಕೋಣೆಯಲ್ಲಿ ಏನೇನೋ ದಡದಡ ಬಿದ್ದವು. ಬೆಕ್ಕು ಚೌಕ ಬಾಲ ಎತ್ತಿಕೊಂಡು ಹೊರಗೋಡಿತು. "ಒಳಗೇನಾಗ್ತಿದೆ?" ಎಂದು ಅಮ್ಮ ಕೂಗುವಷ್ಟರಲ್ಲಿ ಚೋಟಿ ಏದುಸಿರು ಬಿಡುತ್ತ ಒಂದು ದೊಡ್ಡ ಕುರ್ಚಿಯನ್ನು ಎಳೆದು ತಂದಳು. ಅಜ್ಜನ ಅಂಗಡಿಯ ಸುತ್ತುವ ಕುರ್ಚಿ!

ಗಾರೆಯವನು ಕುಂಡವನ್ನು ಎತ್ತಿ ಅದರ ಮೇಲೆ ಕೂರಿಸಿದ. ಮರದ ತಲೆ ಅಜ್ಜನ ಎದೆಗೆ ಸರಿಯಾಗಿ ಬಂತು. ಚೋಟಿ ಕುರ್ಚಿಯನ್ನು ಒಂದು ಸಲ ತಿರುಗಿಸಿದಳು. ಮರ ಗರಗರ ಸುತ್ತಿ, ಅಜ್ಜನ ಮುಂದೆ ಬಂದು ನಿಂತಿತು.

"ತೀರ್ಪು," ಎಂದಳು ಚೋಟಿ. "ಗುಂಡಿ ಗೆಡ್ಡೆಗೆ. ಕುರ್ಚಿ ಮರಕ್ಕೆ."

ಅಜ್ಜ ಒಳಗೆ ಹೋಗಿ ಬಿಳಿ ಬಟ್ಟೆ ತಂದು, ಕೊಡವಿ, ಕುಂಡದ ಕುತ್ತಿಗೆಗೆ ಕಟ್ಟಿದ. ಮರದ ಕಡೆ ಬಗ್ಗಿ ಗಂಭೀರವಾಗಿ ಕೇಳಿದ: "ಮೀಡಿಯಮ್ಮಾ, ಶಾರ್ಟಾ?"

"ಅದು ಏನಂತೆ?" ಎಂದಳು ಅಕ್ಕಜ್ಜಿ.

"ಮೀಡಿಯಮ್ ಅಂತೆ."

"ನನ್ನ ಸಿಮೆಂಟ್ ಏನ್ರೀ ಮಾಡ್ಲಿ?" ಎಂದು ಗಾರೆಯವನು ಗೋಳಾಡಿದ. ಅಕ್ಕಜ್ಜಿ ಸೌಟಿನಿಂದ ಗುಂಡಿಯ ಮಣ್ಣು ಸಡಿಲ ಮಾಡಿ, ಗೆಡ್ಡೆಯನ್ನು ಮೂಗು ಮೇಲಾಗಿ ಮಲಗಿಸಿ ಮಣ್ಣು ಮುಚ್ಚಿದಳು. "ಸುತ್ತ ಒಂದು ಕಟ್ಟೆ ಕಟ್ಟಪ್ಪಾ. ಯಾರೂ ತುಳೀಬಾರದು ನೋಡು."

"ಯಾವ ಬಣ್ಣದ ಹೂ ಅಕ್ಕಜ್ಜಿ?"

"ಯಾರಿಗೆ ಗೊತ್ತು ಮಗಾ? ನನಗೂ ಹೇಳಿಲ್ಲ," ಎಂದು ಅಕ್ಕಜ್ಜಿ ಸಂತೋಷದಿಂದ ಮಣ್ಣು ನೋಡುತ್ತ ಕೂತಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಮಂಜು ತೆಳ್ಳಗಾಗುತ್ತಿತ್ತು. ಬಟ್ಟೆಯ ತಂತಿ ಮೆಲ್ಲಗೆ ಮರಳಿ ಬಂತು. ಚೋಟಿ ಬ್ಯಾಗ್ ಏರಿಸಿಕೊಂಡು ಸ್ಕೂಲಿಗೆ ಹೊರಟವಳು ಒಮ್ಮೆ ಹಿಂತಿರುಗಿ ನೋಡಿದಳು.

ಅಜ್ಜ ಮರದ ಮುಂದೆ ನಿಂತಿದ್ದ. ಬಲಗೈಯಲ್ಲಿ ಕತ್ತರಿ ಸಿದ್ಧವಾಗಿತ್ತು. ಅವನ ಕಣ್ಣು ಮರದ ಮೇಲೇ ಇದ್ದರೂ ಎಡಗೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಬರಿಗಾಳಿಯಲ್ಲಿ ಒಂದಿಷ್ಟು ತಡಕಾಡಿ, ಸುಮ್ಮನೆ ಕೆಳಗಿಳಿದವು.

ಚೋಟಿ ಹೊಸ ನಲ್ಲಿಯ ಹತ್ತಿರ ಹೋದಳು. ಬ್ಯಾಗಿನಿಂದ ಸ್ಪ್ರೇ ಬಾಟಲಿ ತೆಗೆದಳು. ನಿನ್ನೆ ಗೋಡೆಗೆ, ಕಿಟಕಿಗೆ, ಬೆಕ್ಕಿಗೆ ಹೊಡೆದು ಹೊಡೆದು ಅದು ಖಾಲಿಯಾಗಿತ್ತು. ಕತ್ತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಯೂನಿಫಾರ್ಮಿಗೆ ಒರೆಸಿದಳು.

ಅಜ್ಜನ ಕೈ ಎರಡನೇ ಸಲ ಪಕ್ಕಕ್ಕೆ ಚಾಚುವವರೆಗೆ ಹಿಂದೆಯೇ ನಿಂತು ಕಾದಳು. ಚಾಚಿದೊಡನೆ ಬಾಟಲಿಯನ್ನು ಆ ಬೆರಳುಗಳ ನಡುವೆ ಇಟ್ಟಳು.